ಯಡ್ರಾಮಿಗೆ ಹೊರಟ ಭೀಮಶಾ ಕಾಕಾ

ಭೀಮಶಾ ಕಾಕಾ ಎಲ್ಲಿಗೆ ಹೋದರೂ ಮೊದಲು ಒಂದು ಗುಂಡಿ ತೋಡುತ್ತಿದ್ದ. ಹೊಲ ಕಾಯಲು ಹೋದರೆ ಬದುವಿನ ಮಗ್ಗುಲಲ್ಲಿ, ನೆಂಟರ ಊರಿಗೆ ಹೋದರೆ ಅವರ ಹಿತ್ತಿಲಲ್ಲಿ. ಗೊಬ್ಬೂರಿನ ಸಂತೆಯಲ್ಲಿ ತೋಡಲು ಜಾಗ ಸಿಗುತ್ತಿರಲಿಲ್ಲ. ಆಗ ಬುತ್ತಿ ಬಿಚ್ಚುವ ಮೊದಲು ಬೂಟಿನ ಹಿಮ್ಮಡಿಯಿಂದ ನೆಲ ಒದ್ದು ಮಣ್ಣು ಎಷ್ಟು ಗಟ್ಟಿ ಎಂದಾದರೂ ನೋಡಿಕೊಳ್ಳುತ್ತಿದ್ದ. ನಮ್ಮ ಮನೆಯ ಅಂಗಳದಲ್ಲಿ ಅವನು ಎರಡು ಗುಂಡಿ ತೋಡಿದ್ದ. ಒಂದು, ಅವನು ಕುಕ್ಕರಗಾಲಲ್ಲಿ ಕೂತರೆ ತಲೆ ಕಾಣದಷ್ಟು ಆಳದ್ದು. ಅದರ ಪಕ್ಕದಲ್ಲಿ ನನ್ನ ಅಳತೆಯದು. ನಾನು ಕಸ ಗುಡಿಸುತ್ತಿರಲಿ, ರೊಟ್ಟಿ ತಿನ್ನುತ್ತಿರಲಿ, ಅವನು ಇದ್ದಕ್ಕಿದ್ದಂತೆ “ಬೈಠೋ!” ಎಂದು ಕೂಗಿದರೆ ಓಡಿಹೋಗಿ ನನ್ನ ಗುಂಡಿಯಲ್ಲಿ ಬಿದ್ದು ಎರಡೂ ಕಿವಿ ಮುಚ್ಚಿಕೊಳ್ಳಬೇಕು. ತಡವಾದರೆ ಅವನು ಬೈಯುತ್ತಿರಲಿಲ್ಲ.

“ಸತ್ತಿ ನೋಡು” ಎನ್ನುತ್ತಿದ್ದ ಅಷ್ಟೇ. “ಮತ್ತೊಮ್ಮೆ.”

ಓಣಿಯ ಮಕ್ಕಳಿಗೆ ಇದು ಆಟವಾಗಿಬಿಟ್ಟಿತು. ಅವನು ಕೂಗಿದರೆ ಸಾಕು, ಎಲ್ಲಿದ್ದವರೂ ಓಡಿಬಂದು ಗುಂಡಿಗೆ ಹಾರುತ್ತಿದ್ದರು. ಅವರನ್ನು ಅವನು ಗದರಿಸಿ ಓಡಿಸಿದ್ದನ್ನು ನಾನು ನೋಡಲಿಲ್ಲ. ಯಾರ ತಲೆ ಮೇಲೆ ಕಾಣುತ್ತಿದೆ ಎಂದು ಬಗ್ಗಿ ನೋಡಿ, ಮೆಲ್ಲಗೆ ಒತ್ತಿ ಒಳಗೆ ಕೂರಿಸುತ್ತಿದ್ದ. ಪಕ್ಕದ ಮನೆಯ ನಿಂಗಮ್ಮ ಆಯಿ ಮಾತ್ರ ಮಳೆಗಾಲ ಬಂದಾಗಲೆಲ್ಲ ಗೊಣಗುತ್ತಿದ್ದಳು.

“ಮುಚ್ಚೋ ಭೀಮಶಾ. ಅಂಗಳದಾಗ ಎರಡು ಬಾವಿ ಮಾಡಿಟ್ಟೀದಿ. ಮಂದಿ ನಗಾಕತ್ಯಾರ.”

“ನಗ್ಲಿ ಬಿಡು ಆಯಿ” ಎಂದು ಅವನು ತಂಬಿಗೆಯಿಂದ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದ.

ಅವನು ನನಗೆ ರಕ್ತಸಂಬಂಧಿಯಲ್ಲ. ನನ್ನ ಅಪ್ಪ ಮಲ್ಲಪ್ಪನ ಗೆಳೆಯ. ಗೊಬ್ಬೂರಿನಿಂದ ಒಂದು ಹರದಾರಿ ದೂರದ ನಮ್ಮ ಹಳ್ಳಿಯಲ್ಲಿ ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ತಾಲೀಮಖಾನೆಯ ಮಣ್ಣಿನಲ್ಲಿ ಕುಸ್ತಿ ಕಲಿತವರು. ದೊಡ್ಡ ಯುದ್ಧ ಶುರುವಾದ ಮೇಲೆ ಭೀಮಶಾ ಕಾಕಾ ಸೊಲ್ಲಾಪುರಕ್ಕೆ ಹೋಗಿ ಪಲ್ಟನ್ ಸೇರಿದ. ಅಪ್ಪನೂ ಹೊರಟಿದ್ದನಂತೆ. ನಾನು ಆಗ ತೊಟ್ಟಿಲಲ್ಲಿದ್ದೆ, ಅವ್ವ ಬಿಡಲಿಲ್ಲ. ಕಾಕಾನನ್ನು ಬರ್ಮಾಕ್ಕೆ ಕಳಿಸಿದರು. ಬರ್ಮಾ ಹೇಗಿದೆ ಎಂದು ಊರಿನವರು ಕೇಳಿದರೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: “ಅಲ್ಲೇನದ, ಬರೇ ಮಳಿ.”

ಅವನು ಅಲ್ಲಿದ್ದಾಗ ಇಲ್ಲಿ ಅವ್ವ ಕಾಲರಾದಲ್ಲಿ ತೀರಿಕೊಂಡಳು. ಅದಾಗಿ ಕೆಲ ವರ್ಷಗಳಿಗೆ ಅಪ್ಪನನ್ನು ಕೊಂದರು.

ಯುದ್ಧದ ಕಾಲದಲ್ಲಿ ಸರಕಾರ ರೈತರಿಂದ ಲೇವಿ ಎಂದು ಜೋಳ ಎತ್ತುತ್ತಿತ್ತು. ನಮ್ಮೂರಲ್ಲಿ ಅದನ್ನು ಎತ್ತಿಸುತ್ತಿದ್ದವನು ಊರ ಕಂದಾಯ ನೋಡುವ ಮಾಲಿಪಾಟೀಲ ಶಂಕರಗೌಡ. ಸರಕಾರ ಕೇಳಿದ್ದಕ್ಕಿಂತ ಹೆಚ್ಚು ಎತ್ತಿ, ಉಳಿದದ್ದನ್ನು ತನ್ನ ಹಗೇವಿಗೆ ಇಳಿಸಿಕೊಳ್ಳುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ನೆಲದೊಳಗಿನ ಆ ಕಣಜದ ಬಾಯಿ ಅವನ ವಾಡೆಯ ಒಳ ಅಂಗಳದಲ್ಲೇ ಇತ್ತು. ಅಪ್ಪ ಲೇವಿ ಕೊಟ್ಟ. ಬೀಜದ ಜೋಳವನ್ನೂ ಕೇಳಿದಾಗ ಕೊಡುವುದಿಲ್ಲ ಎಂದ. ಯಾಕೆ ಕೊಡುವುದಿಲ್ಲ ಎಂಬುದನ್ನೂ ಚಾವಡಿಯಲ್ಲಿ ಎಲ್ಲರೆದುರು ಹೇಳಿದ. ಶಂಕರಗೌಡ ಅವನನ್ನು ಚಾವಡಿ ಮುಂದಿನ ಬೇವಿನ ಮರಕ್ಕೆ ಕಟ್ಟಿಸಿದ. ಬೇಸಿಗೆಯ ಬಿಸಿಲು. ಬೇವಿನ ನೆರಳು ಆಚೆ ಮಗ್ಗುಲಿಗೆ ಸರಿದಿತ್ತು. ಆಳುಗಳು ಹೊಡೆದು ದಣಿದು ಕೂತರು, ಮತ್ತೆ ಎದ್ದು ಹೊಡೆದರು. ಹೊತ್ತು ಇಳಿದ ಮೇಲೆ ಹಗ್ಗ ಬಿಚ್ಚಿದರು. ಅಪ್ಪ ಮರುದಿನ ಸತ್ತ. ಪೊಲೀಸ್ ಪಾಟೀಲಕಿ ಶಂಕರಗೌಡನ ತಮ್ಮನ ಕೈಯಲ್ಲೇ ಇತ್ತು. ಬಿಸಿಲು ಬಡಿದು ಸತ್ತ ಎಂದಾಯಿತು.

ನನ್ನನ್ನು ಆಳಂದದ ಸೋದರಮಾವ ಕರೆದೊಯ್ದ. ಅವನ ಮನೆಯಲ್ಲಿ ನಾನು ಎರಡು ವರ್ಷ ಮುಸುರೆ ತಿಕ್ಕಿದೆ.

ಯುದ್ಧ ಮುಗಿದು ಊರಿಗೆ ಬಂದ ಭೀಮಶಾ ಕಾಕಾ ನೆಟ್ಟಗೆ ನಮ್ಮ ಮನೆಗೇ ಬಂದನಂತೆ. ಬಾಗಿಲಿಗೆ ಕೀಲಿ, ಮಾಳಿಗೆಯ ಮೇಲೆ ಹುಲ್ಲು. ಕಟ್ಟೆಯ ಮೇಲೆ ಕೂತ ಅವನಿಗೆ ನಿಂಗಮ್ಮ ಆಯಿ ಎಲ್ಲವನ್ನೂ ಹೇಳಿದಳು; ಅವನ ತಾಯಿಯೂ ತೀರಿಕೊಂಡದ್ದನ್ನು ಕೊನೆಗೆ ಹೇಳಿದಳು. ಅವನು ಅಳಲಿಲ್ಲ ಎಂದು ಆಯಿಗೆ ಗಾಬರಿ. “ಕೂಸು ಎಲ್ಲಿ ಅದ?” ಎಂದು ಕೇಳಿದನಂತೆ. ಮರುದಿನ ಆಳಂದದ ದಾರಿ ಹಿಡಿದ.

ಅವನು ಮಾವನ ಬಾಗಿಲಲ್ಲಿ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಬೇಸಿಗೆಯಲ್ಲೂ ಖಾಕಿ ಕೋಟು, ಕಾಲಲ್ಲಿ ಬೂಟು. ಒಳಗೆ ಕರೆದರೂ ಬರಲಿಲ್ಲ. ಬೆನ್ನನ್ನು ಗೋಡೆಗೆ ಆನಿಸಿ, ಬೀದಿಯ ಕಡೆ ಒಂದು ಕಣ್ಣಿಟ್ಟು ಮಾತಾಡಿದ.

“ನಾ ಮಲ್ಲಪ್ಪನ ದೋಸ್ತ ಅದೀನ್ರಿ. ಅವನ ಮಗಳನ್ನ ಒಯ್ಯಾಕ ಬಂದೇನಿ.”

“ಒಯ್ಯಾಕ ಅಂದ್ರ?” ಎಂದ ಮಾವ. “ನೀವೇನ್ ಬಳಗದವರಾ? ಲಗ್ನ ಆಗೇದೇನು ನಿಮಗ?”

“ಇಲ್ರಿ.”

“ಮನ್ಯಾಗ ಹೆಣ್ಣಮಕ್ಕಳು?”

“ಯಾರೂ ಇಲ್ರಿ.”

“ಮತ್ತ ಹ್ಯಾಂಗ ಸಾಕ್ತೀರಿ?”

“ಅದನ್ನ ಇನ್ನಾ ವಿಚಾರ ಮಾಡಿಲ್ರಿ” ಎಂದ ಕಾಕಾ.

ಒಳಗಿನಿಂದ ಅತ್ತೆಯ ದನಿ ಬಂತು. “ಕಳಿಸ್ರಿ ಅತ್ಲಾಗ. ನಮ್ಮ ಹೆಣ್ಣಮಕ್ಕಳದೇ ನಮಗ ಹೊರಿ ಆಗೇದ.”

ಮಾವ ತಲೆ ಕೆಳಗೆ ಹಾಕಿದ. ಕಾಕಾ ಆಗ ಮೊದಲ ಸಲ ನನ್ನ ಕಡೆ ನೋಡಿದ. ನನ್ನ ಕೈಯಲ್ಲಿ ಬೂದಿ ಮೆತ್ತಿದ ಗಂಗಾಳವಿತ್ತು.

“ಏ ಹುಡುಗಿ, ನಿಮ್ಮಪ್ಪನ್ನ ಕಟ್ಟಿದಾಗ ನೀ ಅಲ್ಲಿದ್ದಿ?”

“ಇದ್ದೆ.”

“ಯಾರ್ ಏನ್ ಮಾಡಿದ್ರು, ಹೇಳ್ತಿ?”

“ಹೇಳ್ತೇನಿ.”

“ಹಂಗಾರ ನಡಿ.”

ಹೀಗೆ ನಾನು ಅವನ ಹಿಂದೆ ಹೊರಟೆ. ಅವನು ನನ್ನನ್ನು ಕರೆದೊಯ್ದದ್ದು ಮಗಳೆಂದಲ್ಲ, ಸಾಕ್ಷಿಯೆಂದು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ; ಶುರುವಾದದ್ದು ಹಾಗೆ. ದಾರಿಯಲ್ಲಿ ನನ್ನ ಕಾಲು ಸೋತಾಗ ಹೆಗಲ ಮೇಲೆ ಕೂರಿಸಿಕೊಂಡ. ಮೋಟಾರಿನ ಸದ್ದು ಕೇಳಿದರೆ ರಸ್ತೆ ಬಿಟ್ಟು ಹೊಲಕ್ಕೆ ಇಳಿದು, ಸದ್ದು ಪೂರ್ತಿ ಅಡಗುವ ತನಕ ಬದುವಿನ ಮರೆಯಲ್ಲಿ ಕೂರುತ್ತಿದ್ದ. ಹೆಗಲ ಮೇಲಿದ್ದ ನನಗೆ ಅವನ ಕತ್ತಿನ ನರ ಹೊಡೆದುಕೊಳ್ಳುವುದು ತೊಡೆಗೆ ತಾಗುತ್ತಿತ್ತು.

ನಮ್ಮ ಮನೆಯ ಕೀಲಿ ಮುರಿದು, ಮಾಳಿಗೆ ಮೆತ್ತಿ, ಅವನು ಸಂಸಾರ ಹೂಡಿದ. ಅವನಿಗೆ ಅಡುಗೆ ಬರುತ್ತಿರಲಿಲ್ಲ. ನಿಂಗಮ್ಮ ಆಯಿ ತನ್ನ ಒಲೆಯಲ್ಲೇ ನಮಗೂ ರೊಟ್ಟಿ ಬಡಿದಳು, ನನ್ನ ತಲೆಯ ಹೇನು ತೆಗೆದಳು. ಊರ ಬಾಯಿಗೆ ಹೆದರಿ ನಮ್ಮ ಮನೆಯಲ್ಲೇ ನನ್ನ ಜೊತೆ ಮಲಗತೊಡಗಿದಳು. ಕಾಕಾ ಒಳಗೆ ಮಲಗುತ್ತಲೇ ಇರಲಿಲ್ಲ. ಹೊರಗೋಡೆಗೆ ಒರಗಿ, ಬೂಟು ಬಿಚ್ಚದೆ ಕೂತಲ್ಲೇ ತೂಕಡಿಸುತ್ತಿದ್ದ. ಕ್ಷೌರಿಕ ಬಂದರೆ ಕತ್ತಿ ಇಸಿದುಕೊಂಡು ತಾನೇ ಗಡ್ಡ ಹೆರೆದುಕೊಳ್ಳುತ್ತಿದ್ದ. ಇನ್ನೊಬ್ಬರ ಕೈಯಲ್ಲಿದ್ದ ಕತ್ತಿ ಅವನ ಕೊರಳ ಹತ್ತಿರ ಬರುವಂತಿರಲಿಲ್ಲ.

ಮುಂಜಾನೆ ರೊಟ್ಟಿ ತಿನ್ನುವಾಗ ಅವನ ಪ್ರಶ್ನೆಗಳು ಶುರುವಾಗುತ್ತಿದ್ದವು. ಗೌಡ ಎಲ್ಲಿ ಕೂತಿದ್ದ? ಕಟ್ಟಿರಿ ಎಂದದ್ದು ಅವನೋ, ಅವನ ತಮ್ಮನೋ? ಮೊದಲ ಏಟು ಎಲ್ಲಿಗೆ ಬಿತ್ತು? ನಿಮ್ಮಪ್ಪ ಏನೆಂದ? ನಾನು ಕಂಡದ್ದನ್ನು ಹೇಳುತ್ತಿದ್ದೆ. ಅವನು ತಲೆ ಆಡಿಸಿ, ಮರುದಿನ ಮತ್ತೆ ಅದನ್ನೇ ಕೇಳುತ್ತಿದ್ದ. ಕೆಲವು ವಾರಗಳಲ್ಲಿ ನಾನು ಊಟ ಬಿಟ್ಟೆ. ತುತ್ತು ಬಾಯಿಗಿಟ್ಟರೆ ವಾಂತಿ. ನಿಂಗಮ್ಮ ಆಯಿ ಒಂದು ದಿನ ಲಟ್ಟಣಿಗೆ ಹಿಡಿದೇ ಬಂದಳು.

“ಆ ಕೂಸಿನ ಬಾಯಾಗ ದಿನಾ ಮುಂಜಾನಿ ಹೆಣ ತುರಕಾಕತ್ತಿ. ರೊಟ್ಟಿ ಹ್ಯಾಂಗ ಇಳೀತದಲೇ ಅದಕ?”

ಕಾಕಾ ಕೈಯಲ್ಲಿದ್ದ ರೊಟ್ಟಿಯನ್ನು ಗಂಗಾಳದಲ್ಲಿಟ್ಟ. ಆಯಿಯ ಮುಖ ನೋಡಿದ, ನನ್ನ ಮುಖ ನೋಡಿದ. ಆವತ್ತಿನಿಂದ ಅವನು ಆ ದಿನದ ಬಗ್ಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅಪ್ಪನ ಬಗ್ಗೆಯೇ ಮಾತಾಡುವುದನ್ನು ಬಿಟ್ಟ.

ಅಪ್ಪನನ್ನು ಕಟ್ಟಿ ಹೊಡೆದ ಆಳುಗಳು ಊರಲ್ಲೇ ಇದ್ದರು. ಅವರಲ್ಲಿ ಹಣಮಂತ ಎಂಬವನಂತೂ ದಿನಾ ನಮ್ಮ ಓಣಿಯಲ್ಲೇ ಎತ್ತು ಹೊಡೆದುಕೊಂಡು ಹೋಗುತ್ತಿದ್ದ. ಕಾಕಾ ಅವನೊಡನೆ ಮಾತಾಡುತ್ತಿದ್ದ, ಅವನಿಂದ ತಂಬಾಕು ಇಸಿದುಕೊಳ್ಳುತ್ತಿದ್ದ. ನನಗೆ ಸಿಟ್ಟು ಬಂದು ಕೇಳಿದೆ.

“ಹುಕುಂ ಕೊಟ್ಟಾವ ಬ್ಯಾರೆ, ಹೊಡದಾವ ಬ್ಯಾರೆ, ಗಂಗೂ” ಎಂದ. “ಹುಕುಮಿನ ಮ್ಯಾಲ ನಾನೂ ಹೊಡದೇನಿ. ಹಣಮ್ಯಾನ ಕೂಡ ನಂದೇನ್ ಜಗಳ ಇಲ್ಲ. ನಂದು ಜಗಳ ಯಡ್ರಾಮಿ ಕಡೆ ಅದ.”

ಶಂಕರಗೌಡ ಆಗ ಊರಲ್ಲಿರಲಿಲ್ಲ. ಅಪ್ಪ ಸತ್ತ ಮೇಲೆ ಜನ ಅವನ ಮನೆಯ ಮುಂದೆ ಹಾಯುವಾಗ ಉಗುಳತೊಡಗಿದ್ದರು. ಅವನು ಭೀಮಾ ನದಿಯ ಆಚೆ, ಯಡ್ರಾಮಿಯ ಹತ್ತಿರದ ಹೆಂಡತಿಯ ತವರಿಗೆ ಹೋಗಿ ಅಲ್ಲೇ ನೆಲೆ ನಿಂತಿದ್ದ. ಕಾಕಾ ಒಂದು ಕೊಡಲಿಯ ಕಾವು ಮೋಟು ಮಾಡಿ, ಕೋಟಿನ ಒಳಗೆ ಹಿಡಿಸುವಂತೆ ಮಾಡಿಕೊಂಡಿದ್ದ. ಪಡಸಾಲೆಯಲ್ಲಿ ಕೂತು ಅದನ್ನು ಮಸೆಯುವಾಗ ಅವನ ಮುಖದಲ್ಲಿ ಸಿಟ್ಟೇನೂ ಇರುತ್ತಿರಲಿಲ್ಲ. ಕುಡುಗೋಲು ಮಸೆಯುವವನಂತೆಯೇ ಕಾಣುತ್ತಿದ್ದ.

ಅವನ ಒಳಗಿದ್ದದ್ದು ಹೊರಗೆ ಬಂದದ್ದನ್ನು ಊರೆಲ್ಲ ನೋಡಿದ್ದು ಒಂದು ಮದುವೆಯಲ್ಲಿ. ನಾವೆಲ್ಲ ಪಂಕ್ತಿಯಲ್ಲಿ ಕೂತಿದ್ದೆವು, ಹುಗ್ಗಿ ಬಡಿಸುತ್ತಿದ್ದರು. ಬೀಗರು ಬಂದರೆಂದು ಯಾರೋ ಗರ್ನಾಲು ಹಾರಿಸಿದರು. ಕಬ್ಬಿಣದ ಕೊಳವೆಯಲ್ಲಿ ಮದ್ದು ಗಿಡಿದು ಹಾರಿಸುವ ಆ ಸದ್ದಿಗೆ ನೆಲವೇ ಅದುರುತ್ತದೆ. ಮರುಗಳಿಗೆ ನಾನು ಮುಖ ಅಡಿಯಾಗಿ ಮಣ್ಣಲ್ಲಿದ್ದೆ, ನನ್ನ ಮೇಲೆ ಕಾಕಾ. ಎಲೆಗಳು ಚೆಲ್ಲಾಪಿಲ್ಲಿ. ಜನ ಮೊದಲು ನಕ್ಕರು. ಅವನು ಏಳಲಿಲ್ಲ.

“ಕಾಕಾ, ಹುಗ್ಗಿ ಚೆಲ್ತು” ಎಂದೆ ಅಡಿಯಿಂದ.

“ಸುಮ್ಮನಿರು. ಇನ್ನೊಂದು ಬರ್ತದ” ಎಂದು ಕಿವಿಯಲ್ಲಿ ಹೇಳಿದ.

ನಗು ನಿಂತಿತು. ಗಂಡಸರು ಎಬ್ಬಿಸಲು ಹೋದರೆ ಅವನು ಇನ್ನೂ ಬಿಗಿಯಾಗಿ ನೆಲ ಕಚ್ಚಿದ. ಕೊನೆಗೆ ನಿಂಗಮ್ಮ ಆಯಿ ಬಂದು ಅವನ ಪಕ್ಕದಲ್ಲೇ ಮಣ್ಣಲ್ಲಿ ಕೂತಳು. ಅವನನ್ನು ಮುಟ್ಟಲಿಲ್ಲ. ತನ್ನ ಎಮ್ಮೆ ಹಾಲು ಕಡಿಮೆ ಮಾಡಿದ್ದು, ಹಿಂಡಿ ಹಾಕಿದರೂ ತಿನ್ನದಿದ್ದದ್ದು, ಕರುವಿನ ಕಣ್ಣಿಗೆ ಪಿಸುರು ಬಂದದ್ದು, ಹೀಗೆ ಒಂದೊಂದೇ ಹೇಳುತ್ತ ಹೋದಳು. ಬಹಳ ಹೊತ್ತಾದ ಮೇಲೆ ಅವನು, “ಹಿಂಡಿ ಹಳೇದಿರಬೇಕು” ಎಂದ. ಎದ್ದು ಕೋಟು ಝಾಡಿಸಿಕೊಂಡು, ನನ್ನ ಬಾಯೊಳಗಿನ ಮಣ್ಣನ್ನು ಬೆರಳಿಂದ ತೆಗೆದ. ಅಲ್ಲಿಂದ ಮುಂದೆ ನಮ್ಮೂರಲ್ಲಿ ಲಗ್ನವಾದರೆ, ಗರ್ನಾಲು ಹಾರಿಸುವ ಮುಂಚೆ ಯಾರಾದರೂ ಒಬ್ಬರು ನಮ್ಮ ಮನೆಗೆ ಬಂದು ಹೇಳಿ ಹೋಗುತ್ತಿದ್ದರು. ಕಾಕಾ ನನ್ನನ್ನು ಕರೆದುಕೊಂಡು ಹೊಲಕ್ಕೆ ಹೋಗಿಬಿಡುತ್ತಿದ್ದ.

ಇನ್ನು ಅವನ ಯಡ್ರಾಮಿ ಪ್ರಯಾಣಗಳು. ಮೊದಲ ಸಲ ಅವನು ಹೊರಟದ್ದು ಸುಗ್ಗಿ ಮುಗಿದ ಮೇಲೆ. “ಯಡ್ರಾಮಿಗೆ ಹೋಗಿ ಬರ್ತೇನಿ” ಎಂದ. ಹೋದವನು ಬರುವುದಿಲ್ಲ ಎಂದು ಆಯಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಭೀಮಾ ದಂಡೆಯಲ್ಲಿ ಹರಿಗೋಲಿಗೆ ಕಾಯುತ್ತಿದ್ದಾಗ ಆಚೆ ಹಳ್ಳಿಗಳಲ್ಲಿ ಸಿಡುಬು ಎದ್ದಿದೆ ಎಂದು ಯಾರೋ ಹೇಳಿದರು. ನನ್ನ ತೋಳಲ್ಲಿ ಸಿಡುಬಿನ ಚುಚ್ಚು ಇಲ್ಲ ಎಂಬುದು ಅವನಿಗೆ ಅಲ್ಲಿ ನೆನಪಾಯಿತು. ಹರಿಗೋಲು ಬರುವಷ್ಟರಲ್ಲಿ ತಿರುಗಿ ನಡೆದಿದ್ದ. ಮನೆಗೆ ಬಂದವನು ಕೊಡಲಿಯನ್ನು ತೊಲೆಯ ಸಂದಿಯಲ್ಲಿ ಸಿಕ್ಕಿಸಿ, ನನ್ನನ್ನು ಅಫಜಲಪುರಕ್ಕೆ ಕರೆದೊಯ್ದು ಚುಚ್ಚಿಸಿದ. ನಾನು ಅತ್ತಾಗ, “ಅಳಬ್ಯಾಡ, ಪಲ್ಟನ್‌ದಾಗ ಎಲ್ಲಾರಿಗೂ ಚುಚ್ತಾರ” ಎಂದು ತನ್ನ ತೋಳಿನ ಗುರುತು ತೋರಿಸಿದ.

ಇನ್ನೊಂದು ಸಲ ನದಿ ದಾಟಿ ಜೇವರ್ಗಿ ತನಕ ಹೋದ. ಅಲ್ಲಿ ಪಾಟಿ ಹಿಡಿದುಕೊಂಡು ಸಾಲೆ ಬಿಟ್ಟು ಬರುತ್ತಿದ್ದ ಹುಡುಗಿಯರನ್ನು ನೋಡಿದನಂತೆ. ನಮ್ಮ ಕಡೆ ಆಗ ಹೆಣ್ಣುಮಕ್ಕಳನ್ನು ಸಾಲೆಗೆ ಹಾಕುವುದೆಂದರೆ ಆಡಿಕೊಳ್ಳುವ ಮಾತು. ಕಾಕಾ ಅಲ್ಲಿಂದಲೇ ವಾಪಸು ಬಂದು, ಗೊಬ್ಬೂರಿನಲ್ಲಿ ಕನ್ನಡ ಕಲಿಸುತ್ತಿದ್ದ ಒಬ್ಬ ಮಾಸ್ತರರ ಮುಂದೆ ನನ್ನನ್ನು ನಿಲ್ಲಿಸಿದ. ಹುಡುಗರ ನಡುವೆ ಒಬ್ಬಳೇ ಹುಡುಗಿ ಹೇಗೆ ಕೂರುತ್ತಾಳೆ ಎಂದು ಅವರು ಅನುಮಾನಿಸಿದಾಗ, “ನಾ ಹೊರಗ ಕೂಡ್ತೇನ್ರಿ” ಎಂದ. ಮೊದಲ ತಿಂಗಳು ಹಾಗೆಯೇ ಕೂತ. ಕಾಗುಣಿತ ನನಗಿಂತ ಮೊದಲು ಅವನಿಗೆ ಬಂತು.

ಅದರ ಮುಂದಿನ ಸಲ ಅವನು ಶಂಕರಗೌಡನನ್ನು ನೋಡಿಯೂ ಬಂದ. ಗೌಡ ಮನೆಯ ಮುಂದೆ ಹೊರಸಿನ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದನಂತೆ. ಸುತ್ತ ಯಾರೂ ಇರಲಿಲ್ಲ. ಕಾಕಾ ಕೋಟಿನೊಳಗೆ ಕೈ ಹಾಕಿದ. ಆಗ ಅವನಿಗೆ ನಿಂಗಮ್ಮ ಆಯಿ ಬಾಣಂತನಕ್ಕೆಂದು ಮಗಳ ಊರಿಗೆ ಹೋಗಿದ್ದಾಳೆ, ಬರುವುದು ಇನ್ನೂ ತಡ ಎಂಬುದು ನೆನಪಾಯಿತು. ಇದನ್ನೆಲ್ಲ ಅವನು ನನಗೆ ಹೇಳಿದ್ದು, ಸಂತೆಗೆ ಹೋದಾಗ ಅಂಗಡಿ ಮುಚ್ಚಿತ್ತು ಎನ್ನುವವನ ದನಿಯಲ್ಲಿ.

“ಆಯಿ ಊರಾಗಿಲ್ಲ ಅನ್ನೂದು ತಲ್ಯಾಗಿದ್ದಿಲ್ಲ ನೋಡು. ನಿನಗ ರೊಟ್ಟಿ ಯಾರ್ ಕೊಡ್ತಾರ? ತಿರುಗಿ ಬಂದೆ.”

ಆಯಿ ಬಂದ ಮೇಲೆ ಇದನ್ನು ಕೇಳಿ, “ಅವನ್ನ ಕಡಿಯಾಕ ನಿನಗ ಮುಹೂರ್ತ ಕೂಡಿ ಬರವಲ್ದು” ಎಂದಳು.

“ಈಕಿದೊಂದು ದಾರಿ ಆಗ್ಲಿ ಆಯಿ. ಆಮ್ಯಾಗ ನೋಡು.”

ನಾನು ಅಷ್ಟು ಹೊತ್ತಿಗೆ ಒಂದು ವಿಷಯ ಕಂಡುಕೊಂಡಿದ್ದೆ. ನನಗೆ ಏನಾದರೊಂದು ಆಗುತ್ತಿದ್ದರೆ ಕಾಕಾ ಊರಲ್ಲಿರುತ್ತಾನೆ. ಅವನು ತೊಲೆಯ ಕಡೆ ನೋಡಿದ ದಿನವೇ ನನಗೆ ಹೊಟ್ಟೆ ನೋಯತೊಡಗುತ್ತಿತ್ತು. ಅವನು ನನ್ನನ್ನು ಮಲಗಿಸಿ ಬೆರಳಿಂದ ಒತ್ತಿ ಒತ್ತಿ, “ಇಲ್ಲೇನು? ಇಲ್ಲೇನು?” ಎಂದು ಕೇಳುತ್ತಿದ್ದ. ನಾನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ನೋವು ಎನ್ನುತ್ತಿದ್ದೆ. “ಹೌದು, ಇದು ಕಠಿಣ ಅದ” ಎಂದು ಗಂಭೀರವಾಗಿ ಹೇಳಿ ಅಜವಾನ ಕುದಿಸಲು ಏಳುತ್ತಿದ್ದ. ಅವನಿಗೆ ಗೊತ್ತಿರಲಿಲ್ಲ ಎಂದು ನಾನು ಇವತ್ತಿಗೂ ನಂಬುವುದಿಲ್ಲ.

ಹೀಗೆ ಎರಡು ವರ್ಷ ಸರಿದವು. ನಿಜಾಮಶಾಹಿಯ ಕೊನೆಯ ತಿಂಗಳುಗಳು ಬಂದವು. ಯಾರು ಯಾರನ್ನು ಯಾವಾಗ ಸುಲಿಯುತ್ತಾರೋ ತಿಳಿಯದ ಕಾಲ. ಕಾಕಾ ಓಣಿಯ ಬಾಯಿಯಲ್ಲಿ ಕಲ್ಲಿನ ಮೇಲೆ ಕೂತು ಕಾವಲಿದ್ದ. ಕೂತೇ ನಿದ್ದೆ ಮಾಡುವವನಾದ್ದರಿಂದ ಅವನಿಗೆ ಹೊಸದೇನೂ ಆಗಲಿಲ್ಲ. ಒಂದು ದಿನ ಊರ ಮೇಲೆ ವಿಮಾನಗಳು ಹಾರಿದವು. ಅಷ್ಟು ದಿನ ನಕ್ಕಿದ್ದ ಹೆಂಗಸರೆಲ್ಲ ಮಕ್ಕಳನ್ನು ಎತ್ತಿಕೊಂಡು ನಮ್ಮ ಅಂಗಳಕ್ಕೇ ಓಡಿಬಂದರು. ಕಾಕಾ ಒಬ್ಬೊಬ್ಬರನ್ನೇ ಗುಂಡಿಗೆ ಇಳಿಸಿ, ಜಾಗ ಸಾಲದಾದಾಗ ತಾನು ಹೊರಗೆ ನಿಂತ. ಮದುವೆಯ ಮನೆಯಲ್ಲಿ ಪಂಕ್ತಿ ಕೂರಿಸುವ ಯಜಮಾನನ ಹಾಗೆ, “ಸರೀರಿ, ಜರಾ ಸರೀರಿ, ಕೂಸಿಗೆ ಜಾಗ ಬಿಡ್ರಿ” ಎನ್ನುತ್ತಿದ್ದ. ವಿಮಾನಗಳು ಹಾದುಹೋದವು. ನಮ್ಮೂರ ಮೇಲೆ ಏನೂ ಬೀಳಲಿಲ್ಲ.

ರಾಜ್ಯ ಬದಲಾಯಿತು. ಕೆಲವು ವಾರಗಳ ಮೇಲೆ ಶಂಕರಗೌಡ ಬಂಡಿ ಕಟ್ಟಿಕೊಂಡು ನಮ್ಮೂರಿಗೆ ಬಂದ. ಹಗೇವಿನಲ್ಲಿದ್ದ ಜೋಳವನ್ನೂ ವಾಡೆಯಲ್ಲಿದ್ದ ಹಿತ್ತಾಳೆ ತಾಮ್ರವನ್ನೂ ಹೇರಿಕೊಂಡು ಹೋಗುವ ಲೆಕ್ಕ ಅವನದು. ಊರು ಈಗಲೂ ಹೆದರುತ್ತದೆ ಎಂದುಕೊಂಡಿದ್ದ. ಜನ ಬಂಡಿ ತಡೆದು, ಅವನನ್ನು ಇಳಿಸಿ, ಅದೇ ಬೇವಿನ ಮರಕ್ಕೆ ಕಟ್ಟಿದರು. ಕಟ್ಟಿದವರಲ್ಲಿ ಹಣಮಂತನೂ ಇದ್ದ.

ನಡುಮಧ್ಯಾಹ್ನ. ಒಬ್ಬ ಓಡಿ ಬಂದು, “ಭೀಮಶಾ, ಬಾ. ಮೊದಲ ಹೊಡತ ನಿಂದು” ಎಂದ.

ಕಾಕಾ ತೊಲೆಯ ಸಂದಿಯಿಂದ ಕೊಡಲಿ ಎಳೆದುಕೊಂಡ. ನನಗೆ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನನಗೆ ಆವತ್ತು ಹೊಟ್ಟೆ ನೋಯಲಿಲ್ಲ. “ಗಂಗೂ, ಹೋಗಬ್ಯಾಡ ಬೇ” ಎಂದು ಆಯಿ ಹಿಂದಿನಿಂದ ಕೂಗುತ್ತಿದ್ದಳು. ನಾನು ಅವನ ಹಿಂದೆ ಹೋದೆ.

ಶಂಕರಗೌಡನ ರುಮಾಲು ಬಿದ್ದುಹೋಗಿ ಬೋಳು ತಲೆ ಕಾಣುತ್ತಿತ್ತು. ಧೋತರ ಒದ್ದೆಯಾಗಿತ್ತು. ಜನ ದಾರಿ ಬಿಟ್ಟರು. ಕಾಕಾ ಅವನ ಎದುರು ನಿಂತು ಮುಖ ನೋಡಿದ. ಆಮೇಲೆ ಮರ ಸುತ್ತಿ ಹಿಂದಕ್ಕೆ ಹೋಗಿ ಅವನ ಕೈ ನೋಡಿದ. ಹಗ್ಗ ಮಣಿಕಟ್ಟಿನಲ್ಲಿ ಹೂತು ಬೆರಳುಗಳು ಕಪ್ಪಾಗಿ ಊದಿದ್ದವು. ಅಲ್ಲೇ ನೋಡುತ್ತ ನಿಂತುಬಿಟ್ಟ.

“ಯಾರ್ ಕಟ್ಟೀರಿ?”

“ನಾವ” ಎಂದ ಹಣಮಂತ.

“ಬಿಚ್ಚು.”

“ಯಾಕೋ? ಮಲ್ಲಪ್ಪನ್ನ ಹಿಂಗೇ ಅಲ್ಲೇನು...”

“ಬಿಚ್ಚು ಅಂದೇನಿ.”

ಯಾರೂ ಅಲುಗಲಿಲ್ಲ. ಕಾಕಾ ಕೊಡಲಿಯ ಅಲಗಿನಿಂದ ತಾನೇ ಹಗ್ಗ ಕುಯ್ದ. ಅಲಗು ಜಾರಿ ಗೌಡನ ಅಂಗೈ ಹರಿಯಿತು. ಗೌಡ ಮರದ ಬುಡದಲ್ಲಿ ಕುಸಿದ.

“ಎದ್ದ ನಿಂದ್ರು” ಎಂದ ಕಾಕಾ. “ಎದ್ದ ನಿಂದ್ರು ಗೌಡಾ. ಎದ್ದರ ಹೊಡೀತೇನಿ.”

ಗೌಡ ಏಳಲಿಲ್ಲ. ಯಾರಾದರೂ ಯಾಕೆ ಏಳುತ್ತಾರೆ? ಕಾಕಾ ಅವನ ಮುಂದೆ ನಿಂತು ಅದನ್ನೇ ಮತ್ತೆ ಮತ್ತೆ ಹೇಳಿದ. ಕೊನೆಗೆ ನನ್ನ ಕಡೆ ಕೈ ತೋರಿಸಿದ.

“ಈಕಿ ಮಲ್ಲಪ್ಪನ ಮಗಳು. ಈಕಿಗಿ ಏನ್ ಹೇಳ್ತಿ ಹೇಳು.”

ಶಂಕರಗೌಡ ತಲೆ ಎತ್ತಿ ನನ್ನನ್ನು ನೋಡಿದ. ನಾನು ಅವನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮುದುಕನಾಗಿದ್ದ.

“ಕಟ್ಟ್ರಿ ಅಂದಿದ್ದೆ ತಂಗಿ, ಸಾಯ್ಲಿ ಅಂದಿದ್ದಿಲ್ಲ” ಎಂದ. “ಬಿಸಲ ಭಾಳ ಇತ್ತು. ನೀರ ಕೊಡ್ರಿ ಅಂತ ಹೇಳಾಕ ಮರ್ತೆ.”

ಅವನು ಸುಳ್ಳು ಹೇಳುತ್ತಿದ್ದ ಹಾಗೆ ನನಗೆ ಅನಿಸಲಿಲ್ಲ. ಅವನು ಖರೆಯೇ ಮರೆತಿದ್ದ. ಅಷ್ಟು ದಿನ ಇಲ್ಲದ ಸಿಟ್ಟು ನನಗೆ ಆಗ ಬಂತು. ಕಾಕಾ ಕೊಡಲಿ ಎತ್ತುತ್ತಾನೆ ಎಂದು ನೋಡಿದೆ. ಅವನು ದೂಳಲ್ಲಿ ಕೂತು, ತಲೆಯನ್ನು ಮೊಣಕಾಲ ನಡುವೆ ಇಟ್ಟು ಕಾರಿಕೊಳ್ಳುತ್ತಿದ್ದ.

ಜನಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊಡೆಯುವ ಹುರುಪು ಅವರಲ್ಲಿ ಉಳಿಯಲಿಲ್ಲ. ಯಾರೋ ಇಬ್ಬರು ಶಂಕರಗೌಡನನ್ನು ಎತ್ತಿ ಖಾಲಿ ಬಂಡಿಯಲ್ಲಿ ಹಾಕಿ ಎತ್ತು ಹೊಡೆದರು. ಜೋಳ ಊರಲ್ಲೇ ಉಳಿಯಿತು. ನಾನು ಕಾಕಾನ ಕೈ ಹಿಡಿದು ಮನೆಗೆ ಕರೆತಂದೆ.

ಅದರ ಬಗ್ಗೆ ಅವನು ಒಂದೇ ಸಲ ಮಾತಾಡಿದ, ಬೇಲಿಗೆ ಮುಳ್ಳು ಒಟ್ಟುತ್ತಿದ್ದಾಗ, ನಾನು ಕೇಳದೆಯೇ.

“ಬರ್ಮಾದಾಗ ಕಟ್ಟಿದ ಮಂದಿನ್ನ ನೋಡೇನಿ, ಗಂಗೂ. ಗಿಡಕ್ಕ, ತಂತೀಲೆ. ನಮ್ಮವರನ್ನ ಅವರು ಕಟ್ಟಿದ್ರು. ಆಮ್ಯಾಗ ಅವರನ್ನ ನಾವು.” ಮುಳ್ಳನ್ನು ಕವೆಗೋಲಿನಿಂದ ಒತ್ತಿದ. “ನಾನೂ ಇದ್ದೆ.”

ಗೌಡನನ್ನು ಹೊಡೆಯದೆ ಬಿಟ್ಟದ್ದರಿಂದ ಅವನಿಗೆ ನೆಮ್ಮದಿ ಸಿಕ್ಕಿತು ಎಂದು ನಾನು ಹೇಳಲಾರೆ. ಕೆಲವು ದಿನ ಇದ್ದಕ್ಕಿದ್ದಂತೆ, “ಹೊಡೀಬೇಕಾಗಿತ್ತು” ಎನ್ನುತ್ತಿದ್ದ. ಊರಲ್ಲಿ ಕೆಲವರು ಅವನನ್ನು ಹೇಡಿ ಎಂದರು. ಅದೂ ಅವನ ಕಿವಿಗೆ ಬಿದ್ದಿತ್ತು. ಅವನು ಜಗಳಕ್ಕೆ ಹೋಗಲಿಲ್ಲ. ಕೊಡಲಿಗೆ ಉದ್ದನೆಯ ಕಾವು ಹಾಕಿ ಕಟ್ಟಿಗೆ ಒಡೆಯತೊಡಗಿದ.

ಆ ಹೊತ್ತಿಗೆ ಗೊಬ್ಬೂರಿನ ಮಾಸ್ತರರು ತಮಗೆ ಕಲಿಸಲು ಬರುವುದು ಮುಗಿಯಿತು ಎಂದರು. ಜೇವರ್ಗಿಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ಒಬ್ಬ ಅಕ್ಕೋರು ಇದ್ದರು, ಒಂಟಿ ಹೆಂಗಸು. ನನ್ನನ್ನು ಮನೆಯಲ್ಲೇ ಇಟ್ಟುಕೊಂಡು ಓದಿಸಲು ಒಪ್ಪಿದರು. ಕಾಕಾ ಅವರ ಮನೆಯನ್ನು ಸುತ್ತು ಹಾಕಿ ನೋಡಿ, ಹಿತ್ತಿಲ ಬಾಗಿಲಿಗೆ ಹೊಸ ಅಗುಳಿ ಜಡಿದು ಹೋದ. ಸಂತೆಯ ದಿನ ಹರಿಗೋಲು ದಾಟಿ ನನ್ನನ್ನು ನೋಡಲು ಬರುತ್ತಿದ್ದ. ಆಯಿ ಕುಟ್ಟಿದ ಶೇಂಗಾ ಚಟ್ನಿಪುಡಿ ಕೊಟ್ಟು, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಹೋಗುತ್ತಿದ್ದ. ನಮ್ಮಿಬ್ಬರ ನಡುವೆ ಮಾತು ಹೆಚ್ಚಿರುತ್ತಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅವನು ಜ್ವರ ಬಂದು ತೀರಿಕೊಂಡ. ಆಯಿ ಹೇಳಿ ಕಳಿಸಿದ್ದು ನನಗೆ ಮುಟ್ಟುವಷ್ಟರಲ್ಲಿ ಊರಿನವರು ಮಣ್ಣು ಮಾಡಿ ಮುಗಿಸಿದ್ದರು. ಆದ್ದರಿಂದ ನಾನು ಅವನನ್ನು ಕೊನೆಗೆ ನೋಡಿದ್ದು ಅದಕ್ಕೂ ಮೊದಲಿನ ಒಂದು ಸಂತೆಯ ದಿನ.

ಆವತ್ತು ಅವನು ಬಂದವನೇ ಕಟ್ಟೆಯ ಮೇಲೆ ಕೂತು, “ಗೌಡ ಸತ್ತ” ಎಂದ.

“ಯಾರ್ ಹೇಳಿದ್ರು?”

“ಮಣ್ಣಿಗಿ ಹೋಗಿದ್ದೆ.”

“ನೀನಾ? ಯಾಕ?”

“ಖಾತ್ರಿ ಮಾಡ್ಕೊಳ್ಳಾಕ.” ಅಂಗೈಯನ್ನು ಮೊಣಕಾಲಿಗೆ ಒರೆಸಿಕೊಂಡ. “ಹಾಸಿಗ್ಯಾಗ ಸತ್ತಾನ. ನಾನೂ ಒಂದು ಮುಷ್ಟಿ ಮಣ್ಣ ಹಾಕ್ದೆ.”

ಆಮೇಲೆ ಬಗ್ಗಿ ಬೂಟಿನ ಲಾಡಿ ಬಿಗಿದುಕೊಂಡ. ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಇದ್ದಕ್ಕಿದ್ದಂತೆ, “ನಿಮ್ಮಪ್ಪ ಒಂದೂ ಕುಸ್ತಿ ಗೆದ್ದಿಲ್ಲ, ಗೊತ್ತೇನು?” ಎಂದ.

ನನಗೆ ಗೊತ್ತಿರಲಿಲ್ಲ. ಅಪ್ಪನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಆ ಒಂದು ಬೇಸಿಗೆಯ ದಿನದ್ದು.

“ಯಾಕ? ಶಕ್ತಿ ಇದ್ದಿಲ್ಲೇನು?”

“ಶಕ್ತಿಗೇನ್ ಧಾಡಿ? ಎತ್ತಿನಂಗ ಇದ್ದ. ಆದ್ರ ಕಚಗುಳಿ! ಇಲ್ಲಿ, ಪಕ್ಕಡಿ ಮ್ಯಾಲ ಕೈ ಇಟ್ಟರ ಸಾಕು, ನಗಾಕ ಸುರು. ಒಮ್ಮೆ ಕರಜಗಿ ಪೈಲ್ವಾನನ ಕೂಡ ಕುಸ್ತಿ ಇಟ್ಟಿದ್ರು. ಹಲಗಿ ಬಾರಸಾಕತ್ತಾರ, ಮಂದಿ ಕೂಡ್ಯಾರ. ಆ ಪೈಲ್ವಾನ ಬಂದು ನಡ ಹಿಡದ. ನಿಮ್ಮಪ್ಪ ಏನ್ ಮಾಡಬೇಕು? ಹಿ ಹಿ ಅಂತ...”

ಮುಂದಿನ ಮಾತು ಅವನಿಂದ ಆಗಲಿಲ್ಲ. ಭೀಮಶಾ ಕಾಕಾ ನಗುತ್ತಿದ್ದ. ನಾನು ಅವನ ಹಲ್ಲು ನೋಡಿದ್ದು ಅದೇ ಮೊದಲು, ಮುಂದಿನದೊಂದು ಇರಲಿಲ್ಲ. ಕೋಟಿನ ತೋಳಿಂದ ಕಣ್ಣು ಒರೆಸಿಕೊಂಡು ಮತ್ತೆ ಶುರು ಮಾಡಿದ, ಮತ್ತೆ ಅಲ್ಲಿಗೇ ಬಂದು ನಿಂತ. ಅಕ್ಕೋರು ಏನಾಯಿತೆಂದು ಬಾಗಿಲಿಗೆ ಬಂದು ನೋಡಿದರು.

“ಅಂವಾ ಮಣ್ಣಾಗ ಬಿದ್ದು ನಗಾಕತ್ತಾನ. ಪೈಲ್ವಾನ ಮ್ಯಾಲ ಕೂತು ಬೈಯಾಕತ್ತಾನ, ನಗಬ್ಯಾಡಲೇ, ನನಗೂ ನಗಿ ಬರ್ತದ ಅಂತ. ಆಮ್ಯಾಗ ಅವನೂ ನಕ್ಕ. ಮಂದಿಯೆಲ್ಲಾ ನಕ್ಕರು. ಹಲಗಿ ಬಾರಸಾವ ಹಲಗಿ ಇಟ್ಟು ಕೂತ.”

“ನನಗೂ ಕಚಗುಳಿ ಆಗ್ತದ, ಕಾಕಾ” ಎಂದೆ.

“ಆಗೇ ಆಗ್ತದ” ಎಂದ. “ಅವನ ಮಗಳಲ್ಲೇನು ನೀ.”

ಆಮೇಲೆ ಹರಿಗೋಲಿಗೆ ಹೊತ್ತಾಯಿತೆಂದು ಎದ್ದ. ಓಣಿಯ ತಿರುವಿನ ತನಕ ಅವನ ಭುಜ ಅಲುಗುತ್ತಿದ್ದದ್ದು ನನಗೆ ಕಾಣುತ್ತಿತ್ತು.